ತಪ್ಪು ಕಾಣಿಕೆ

“ಅರ್ಧ ದೈವಕ್ಕೆ ಕೊಡ್ಕ್,” ಊಟದ ತಟ್ಟೆಯಿಂದ ತಲೆ ಎತ್ತದೆ ಗಣಪ ಹೇಳಿದ. “ತಪ್ಪು ಕಾಣ್ಕಿ ಅಂದೇಳಿ. ಕಮಿಟಿಯರ್ ಹೇಳಿಯಾಯ್ತ್.”

ಹರಿಣಾಕ್ಷಿ ಸಾರಿನ ಸೌಟನ್ನು ಪಾತ್ರೆಗೇ ಇಳಿಸಿದಳು. ಪರಿಹಾರದ ಹಣ ಅವಳ ಖಾತೆಗೆ ಬಿದ್ದು ಇನ್ನೂ ನಾಲ್ಕು ದಿನವಾಗಿರಲಿಲ್ಲ. ಮಂಜೂರಾತಿ ಕಾಗದ ಹಿಡಿದು ಅವಳು ಬೈಂದೂರಿನಿಂದ ಬಸ್ಸಿನಲ್ಲಿ ಬಂದು ಇಳಿಯುವ ಮೊದಲೇ ಸುದ್ದಿ ಊರು ಸೇರಿತ್ತು. ಕೇಸು ನಡೆದ ಮೂರು ವರ್ಷದಲ್ಲಿ ಒಂದು ದಿನವೂ ಅವಳ ಜೊತೆ ಕೋರ್ಟಿಗೆ ಬಾರದ ಅಣ್ಣನಿಗೆ ಈಗ ಪಾಲು ಹಾಕುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

“ಯಾರ್ ಮಾಡದ್ ತಪ್ಪಿಗೆ?”

“ನೀ ಮಾಡದ್ದ್. ದೈವಕ್ಕೆ ದೂರ್ ಕೊಟ್ ಮ್ಯಾಲೆ ಪೊಲೀಸರ್ ಹತ್ರ ಹೋದ್ದ್ ಯಾರ್?”

ದೈವಕ್ಕೆ ದೂರು ಕೊಟ್ಟಿದ್ದು ನಿಜ. ನಾಲ್ಕು ವರ್ಷದ ಹಿಂದೆ ಗೇರುಬೀಜದ ಕಾರ್ಖಾನೆಯ ಸೂಪರ್‌ವೈಸರ್ ಪ್ರೇಮಾನಂದ, ಸುಲಿದ ಬೀಜದ ತೂಕ ಸರಿಯಿಲ್ಲವೆಂದು ನೆಪ ಹೇಳಿ ಅವಳೊಬ್ಬಳನ್ನೇ ಗೋದಾಮಿನಲ್ಲಿ ನಿಲ್ಲಿಸಿಕೊಂಡು, ಬಾಗಿಲು ಹಾಕಿ, ಅತ್ಯಾಚಾರ ಮಾಡಿದ್ದ. ಮನೆಗೆ ಬಂದ ಮಗಳನ್ನು ಕಂಡು ಅಬ್ಬಿ ಮುತ್ತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ತನಗೆ ಗೊತ್ತಿದ್ದುದನ್ನು ಮಾಡಿದಳು. ಮಗಳ ತಲೆಗೆ ನೀರು ಹಾಕಿದಳು, ಉಟ್ಟ ಸೀರೆಯನ್ನು ಒಗೆದು ಒಣಗಿಸಿದಳು. ಮೈಲಿಗೆಯಲ್ಲಿ ದೈವದ ಅಂಗಳ ತುಳಿಯುವುದುಂಟೆ! ಮರುದಿನ ಬೆಳಿಗ್ಗೆ ಇಬ್ಬರೂ ದೈವದ ಕಲ್ಲಿನೆದುರು ತೆಂಗಿನಕಾಯಿ ಇಟ್ಟು ಹುಯಿಲಿಟ್ಟರು. ಸಂಕ್ರಮಣದ ದರ್ಶನಕ್ಕೆಂದು ಹನ್ನೊಂದು ದಿನ ಕಾದರು. ದೈವ ಮೈಮೇಲೆ ಬಂದ ಪಾತ್ರಿ ಚಂದಯ್ಯ, “ನಾ ಕಂಡ್ಕಂತೆ, ತಾಳ್ಕೊ,” ಎಂದ. ಎಷ್ಟು ದಿನ ತಾಳುವುದೆಂದು ಹೇಳಲಿಲ್ಲ. ಮರುದಿನ ಹರಿಣಾಕ್ಷಿ ಒಬ್ಬಳೇ ಹೋಗಿ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದಳು.

ಆ ಹನ್ನೊಂದು ದಿನವೇ ಕೇಸನ್ನು ಮುಳುಗಿಸಿತು. ನಡೆದದ್ದು ನಿಜವಾದರೆ ಅಂದೇ ಏಕೆ ಬರಲಿಲ್ಲ, ಸೀರೆ ಏಕೆ ಒಗೆದಿರಿ ಎಂದು ಅವನ ವಕೀಲರು ಕೇಳಿದ್ದನ್ನೇ ಕೇಳಿದರು. ದೈವಕ್ಕೆ ಹೇಳಲು ಹೋಗಿದ್ದೆವು ಎಂದಾಗ ಸಣ್ಣಗೆ ನಕ್ಕು ಕೂತರು. ಸಂಶಯದ ಲಾಭ ಪಡೆದು ಪ್ರೇಮಾನಂದ ಹೊರಬಂದ. ಅಂದೇ ಸಂಜೆ ಅವನ ಮನೆಯಲ್ಲಿ ಪಟಾಕಿ ಹೊಡೆದರು.

ಕಾನೂನು ಸೇವಾ ಪ್ರಾಧಿಕಾರದಿಂದ ಅವಳಿಗೆ ಸಿಕ್ಕಿದ್ದ ವಕೀಲೆ ಸ್ನೇಹಲತಾ ಮಾತ್ರ ಕೈಬಿಡಲಿಲ್ಲ. “ಅವನು ಬಿಡುಗಡೆ ಆದ ಅಂತ ಹೇಳಿ ನಿನಗೆ ಏನೂ ಆಗ್ಲಿಲ್ಲ ಅಂತ ಅಲ್ಲ, ಹರಿಣಾಕ್ಷಿ. ಮೇಲ್ಮನವಿ ಹಾಕುವ, ಅದು ಎಷ್ಟು ವರ್ಷ ಹಿಡೀತದೋ ಗೊತ್ತಿಲ್ಲ. ಪರಿಹಾರಕ್ಕೆ ಈಗಲೇ ಅರ್ಜಿ ಕೊಡ್ಲಿಕ್ಕೆ ಆಗ್ತದೆ. ನ್ಯಾಯಾಧೀಶರೇ ಶಿಫಾರಸು ಬರ್ದಿದ್ದಾರೆ,” ಎಂದಿದ್ದರು. ಮಂಜೂರಾತಿ ಕಾಗದದಲ್ಲಿ ‘ನೊಂದ ಮಹಿಳೆ’ ಎಂದು ಬರೆದಿತ್ತು. ಆ ಎರಡು ಪದಗಳನ್ನು ಅವಳು ಬಸ್ಸಿನಲ್ಲಿ ಎಷ್ಟು ಸಲ ಓದಿದಳೋ. ಊರು ಒಪ್ಪದ್ದನ್ನು ಒಂದು ಕಾಗದವಾದರೂ ಒಪ್ಪಿತ್ತು. ಇನ್ನು ಬ್ರಹ್ಮಾವರದಲ್ಲೊಂದು ಕೋಣೆ ಹಿಡಿಯಬೇಕು, ಹೊಲಿಗೆ ಯಂತ್ರ ಹಾಕಬೇಕು, ಯಾರ ಬಾಯಿಗೂ ಬೀಳದೆ ಬದುಕಬೇಕು. ಅರ್ಧ ಕೊಟ್ಟರೆ ಕೋಣೆಯೂ ಇಲ್ಲ, ಯಂತ್ರವೂ ಇಲ್ಲ.

“ಕೊಡ್ದಿರೆ ಎಂತ ಆತ್ತ್?” ಎಂದಳು.

“ಎಂತ ಆತ್ತಾ? ಅಬ್ಬಿಗೆ ಎರಡ್ ತಿಂಗ್ಳಿಂದ ಜ್ವರ ಬಿಟ್ಟಿತಾ ಕಾಣ್! ನೀ ಕಾಣ್ಕಿ ಹಾಕ್ದೆ ಈ ಮನಿಗೆ ಸುಖ ಇಲ್ಯಂಬ್ರ್. ಚಂದಯ್ಯನ ಬಾಯಂಗೇ ಬಂದದ್ದ್.”

ಮೂಲೆಯ ಚಾಪೆಯಲ್ಲಿ ಮಲಗಿದ್ದ ಮುತ್ತು ಕೈ ಚಾಚಿದಳು. “ನಾ ಬದ್ಕಿಪ್ಪತಿಗೇ ಮುಗ್ಸಿ ಬಿಡ್ ಮಗಾ.” ಆ ಕೈ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಹರಿಣಾಕ್ಷಿ ಅಲ್ಲಿಗೆ ಸೋತಳು.

ಮೊದಲು ದೈವದ ಬಳಿ ಹೋದದ್ದು ತಪ್ಪು ಎಂದು ಕೋರ್ಟಿನಲ್ಲಿ ಅನ್ನಿಸಿಕೊಂಡಾಗಿತ್ತು. ಕೋರ್ಟಿಗೆ ಹೋದದ್ದು ತಪ್ಪು ಎಂದು ಈಗ ದೈವದ ಕಡೆಯವರು ಅನ್ನುತ್ತಿದ್ದರು. ಗೋದಾಮಿನ ಬಾಗಿಲು ಹಾಕಿದವನದು ತಪ್ಪು ಎನ್ನಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಸಂಕ್ರಮಣದ ಬೆಳಿಗ್ಗೆ, ಬ್ಯಾಂಕಿನಿಂದ ತೆಗೆದ ಹಣವನ್ನು ಕೈಚೀಲದಲ್ಲಿಟ್ಟುಕೊಂಡು ಅಣ್ಣ, ಅಬ್ಬಿಯ ಜೊತೆ ಅವಳು ಹೊರಟಳು. ದೈವಸ್ಥಾನವನ್ನು ಹೊಸದಾಗಿ ಕಟ್ಟಿಸುತ್ತಿದ್ದರು. ಚಪ್ಪರದಡಿಯ ರಶೀದಿ ಮೇಜಿನೆದುರು ಉದ್ದನೆಯ ಸಾಲು ನಿಂತಿತ್ತು. ಸಾಲು ಕರಗುತ್ತ ಬಂದು, ಎದುರಿನವನು ಪಕ್ಕಕ್ಕೆ ಸರಿದಾಗ ಮೇಜಿನ ಹಿಂದೆ ಕೂತವನು ಅವಳಿಗೆ ಕಂಡ. ಬಿಳಿ ಪಂಚೆಯುಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಪ್ರೇಮಾನಂದ ಕೂತಿದ್ದ. ಕಮಿಟಿಯ ಹೊಸ ಖಜಾಂಚಿ ಅವನೇ. ಗಣಪನಿಗೆ ಇದು ಮೊದಲೇ ಗೊತ್ತಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ಅವಳ ಕೈಚೀಲದಿಂದ ಹಣದ ಕಟ್ಟನ್ನು ಅಣ್ಣನೇ ತೆಗೆದು ಮೇಜಿನ ಮೇಲಿಟ್ಟ.

“ಎಂತ ಬಾಬ್ತು?” ಪ್ರೇಮಾನಂದ ಕೇಳಿದ.

“ತಪ್ಪು ಕಾಣ್ಕಿ,” ಎಂದ ಗಣಪ.

ಪ್ರೇಮಾನಂದ ದುಂಡಗೆ ಬರೆದ. ತಲೆ ಎತ್ತದೆ ಮತ್ತೆ ಕೇಳಿದ, “ಹೆಸ್ರ್?”

ಮೂರು ವರ್ಷ ಕೋರ್ಟಿನಲ್ಲಿ ಅವಳ ಹೆಸರನ್ನು ಕೇಳುತ್ತ ನಿಂತಿದ್ದವನು! ಹರಿಣಾಕ್ಷಿ ಮೇಜಿನತ್ತ ಬಾಗಿದಳು.

“ನಿನ್ ಹೆಸ್ರೇ ಬರಿ,” ಎಂದಳು. “ತಪ್ಪ್ ಮಾಡದ್ದ್ ನೀನ್.”

ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಒಬ್ಬಿಬ್ಬರು ಮೊಬೈಲು ನೋಡಿಕೊಂಡರು, ಉಳಿದವರು ಗುಡಿಯ ಕಡೆ ತಿರುಗಿ ಕೈ ಮುಗಿದರು. “ಮರ್ಯಾದಿ ತೆಗಿಬೇಡ, ಹೆಣೆ,” ಎಂದು ಗಣಪ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡು, ಹಣದ ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

“ಅಬ್ಬಿ, ಬಾ ಹೋಪ. ಕುಂದಾಪ್ರದಂಗೆ ಡಾಕ್ಟ್ರಿಗೆ ತೋರ್ಸ್ವ.”

ಮುತ್ತು ಕದಲಲಿಲ್ಲ. ಮಗಳನ್ನೊಮ್ಮೆ ನೋಡಿದಳು, ಗುಡಿಯನ್ನೊಮ್ಮೆ ನೋಡಿದಳು. ಸೆರಗಿನ ಗಂಟು ಬಿಚ್ಚಿ, ನೂರರ ಎರಡು ನೋಟುಗಳನ್ನು ನೀವಿ ಮೇಜಿನ ಮೇಲಿಟ್ಟಳು.

“ನನ್ ಹೆಸ್ರಂಗೆ ಬರಿ ಮಾರಾಯ. ಮುತ್ತು ಅಂದೇಳಿ.”

ಪ್ರೇಮಾನಂದ ಬರೆದ. ರಶೀದಿಯನ್ನು ಮೆಲ್ಲಗೆ ಹರಿದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಮುತ್ತು ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.