ಓತಿಕ್ಯಾತದ ನೆತ್ತಿಗಣ್ಣು

ಇದನ್ನು ಹೇಳುವಷ್ಟು ಓದಿದವನು ನಾನಲ್ಲ. ಹಗಲು ಶಿಡ್ಲಘಟ್ಟದ ನಮ್ಮ ಮನೆಯ ಚರಕದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿ, ಸಂಜೆ ಕಾಲೇಜಿನಲ್ಲಿ ಕಲಿತವನು. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ವೆಂಕಟರಾಮಪ್ಪ ಮೇಷ್ಟ್ರು ತರಗತಿಯಲ್ಲಿ ಹೇಳಿದರು: ಓತಿಕ್ಯಾತದ ನೆತ್ತಿಯ ಮೇಲೊಂದು ಚುಕ್ಕೆಯಿದೆ, ಅದೂ ಕಣ್ಣೇ. ಅದಕ್ಕೆ ಆಕಾರ ಕಾಣದು, ಬೆಳಕು ಮಾತ್ರ ತಿಳಿಯುತ್ತದೆ. ಬಿಸಿಲು ಸಾಕೆಂದು ಅದೇ ಹೇಳುತ್ತದೆಂದು ಕೆಲವರ ಊಹೆ.

"ಯಾರಾದ್ರೂ ಅದನ್ನ ಮುಚ್ಚಿ ನೋಡ್ರಪ್ಪ. ಏನಾದ್ರೂ ಕಂಡ್ರೆ ಚಿಂತಾಮಣಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಿಮ್ಮ ಹೆಸರಲ್ಲೇ ಕಳಿಸ್ತೀನಿ."

ನಮ್ಮ ಮನೆಯವರ ಹೆಸರನ್ನು ಚರಕದ ಆಚೆ ಯಾರೂ ಕರೆದದ್ದಿಲ್ಲ. ನನಗೆ ಆಸೆ ಹುಟ್ಟಿತು.

ಊರಂಚಿನಲ್ಲಿ ಗೆಳೆಯ ಬಯ್ಯಪ್ಪನ ಹಿಪ್ಪುನೇರಳೆ ತೋಟ. ಅವನು ಎರಡು ಓತಿಕ್ಯಾತ ಹಿಡಿದುಕೊಟ್ಟ. ಒಂದರ ನೆತ್ತಿಗೆ ನನ್ನ ಅಕ್ಕ ಶಮ್ಸುನ್ನೀಸಾಳ ಕಾಡಿಗೆ ಹಚ್ಚಿ, ಎರಡನ್ನೂ ಕಲ್ಲುಗುಡ್ಡೆಯ ಮೇಲೆ ಬಿಟ್ಟೆವು. ದಿನಾ ಊಟದ ಬಿಡುವಿನಲ್ಲಿ ಸೈಕಲ್ ತುಳಿದು ಹೋಗಿ ನೋಡುತ್ತಿದ್ದೆ. ಮೊದಮೊದಲು ಎರಡೂ ಕಾಣಲಿಲ್ಲ. ಆಮೇಲೊಂದು ದಿನ ಕಾಡಿಗೆಯದು ಸುಡುವ ಕಲ್ಲಿನ ಮೇಲೆ ಹಾಗೇ ಕೂತಿತ್ತು! ಮರುದಿನವೂ ಕೂತಿತ್ತು.

"ಬೆಳಗ್ಗೆಯಿಂದ ಎದ್ದಿಲ್ಲ ಕಣೋ ಪಾಷಾ, ನಿನ್ನಂಗೇ ಸೋಮಾರಿ," ಎಂದ ಬಯ್ಯಪ್ಪ. ಅದು ಹೆದರೀತೆಂದು ನನ್ನನ್ನು ಹತ್ತಿರ ಬಿಡಲಿಲ್ಲ.

ನೆತ್ತಿ ಮುಚ್ಚಿದ್ದಕ್ಕೆ ಬಿಸಿಲು ಸಾಕೆಂದೇ ತಿಳಿಯುವುದಿಲ್ಲವೆಂದು ನಾನು ತರಗತಿಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಭಾನುವಾರ ಮೇಷ್ಟ್ರೇ ನೋಡಲು ಬಂದರು, ಬಗ್ಗಿದರು. ಅದು ಓಡಲಿಲ್ಲ.

"ಇದೇನಪ್ಪ ಪಾಷಾ?"

ಹಿಂಗಾಲಿನಿಂದ ಕಲ್ಲಿಗೆ ಒಂದು ರೇಷ್ಮೆ ಎಳೆ. ನಮ್ಮ ಚರಕದ್ದೇ. ಗಾಳಿಪಟಕ್ಕೆಂದು ಬಯ್ಯಪ್ಪ ನನ್ನಿಂದಲೇ ಕೇಳಿ ಒಯ್ದದ್ದು. ದಿನವಿಡೀ ಎಳೆ ನೋಡುವ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ದಿನಾ ಮುಖ ಸಣ್ಣದು ಮಾಡ್ಕೊಂಡು ಹೋಗ್ತಿದ್ಯಲ್ಲೋ," ಎಂದು ಬಯ್ಯಪ್ಪ ನಕ್ಕ. "ಮತ್ತೆ ಹಿಡಿದು, ನೀನ್ ಬರೋ ಹೊತ್ತಿಗೆ ಕಟ್ತಿದ್ದೆ, ಮಿಕ್ಕಂಗೆ ಮಂಕರಿ ಬುಟ್ಟಿ ಕೆಳಗೆ ಮುಚ್ಚಿಡ್ತಿದ್ದೆ. ಒಂದು ಓತಿಕ್ಯಾತಕ್ಕೆ ಇಷ್ಟೊಂದಾ?"

ಮೇಷ್ಟ್ರು ನಗಲಿಲ್ಲ. "ನಿನಗೂ ಗೊತ್ತಿತ್ತೇನಪ್ಪ?" ಎಂದು ನನ್ನನ್ನೇ ಕೇಳಿದರು. ಇಲ್ಲವೆಂದೆ. ಚಿಂತಾಮಣಿಗೆ ಬೇರೊಬ್ಬನ ಹೆಸರು ಹೋಯಿತು.

ಅವತ್ತೇ ಅದರ ಕಾಲಿನ ಗಂಟು ಬಿಚ್ಚಿದೆ. ಅಂಥ ಗಂಟು ಬಿಚ್ಚುವುದೇ ನನ್ನ ಕಸುಬು. ಬಯ್ಯಪ್ಪನ ತೋಟಕ್ಕೆ ನಾನು ಮತ್ತೆ ಹೋಗಿಲ್ಲ. ಅವನು ಅಕ್ಕರೆಯಿಂದ ಕಟ್ಟಿದನೋ, ಹಾಸ್ಯಕ್ಕೋ, ಕೇಳಲೂ ಇಲ್ಲ.

ಗಂಟು ಬಿಚ್ಚಿದ ಮೇಲೆ ಓತಿಕ್ಯಾತ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಕುಂಟುತ್ತ ನೆರಳಿಗೆ ಸರಿಯಿತು. ನೆತ್ತಿಯಲ್ಲಿ ಕಾಡಿಗೆ ಇನ್ನೂ ಇತ್ತು. ಬಿಸಿಲು ಸಾಕೆಂದು ಅದಕ್ಕೆ ಯಾವುದರಿಂದ ತಿಳಿಯಿತೋ, ನನಗೆ ಗೊತ್ತಿಲ್ಲ.