ಲೆಕ್ಕದ ಪರೀಕ್ಷೆಯ ಹಿಂದಿನ ಸಂಜೆ ಮೊಂಡಿ ಹಿಡಿದ ಹಠ

ಪರೀಕ್ಷೆ ಬರೆಯುವುದು ಮಕ್ಕಳು, ಜ್ವರ ಬರುವುದು ಮನೆಮಂದಿಗೆಲ್ಲ. ಆ ಸಂಜೆ ಟೈಲರಮ್ಮನ ಮನೆಯಲ್ಲಿ ಆಗಿದ್ದೂ ಇದೇ. ಮರುದಿನ ಮಗಳಿಗೆ ಹತ್ತನೇ ತರಗತಿಯ ಲೆಕ್ಕದ ಪರೀಕ್ಷೆ. ಹೇಳಿದ್ದಕ್ಕೆಲ್ಲ ತಿರುಗಿ ಪ್ರಶ್ನೆ ಕೇಳುತ್ತಾಳೆಂದು ಮನೆಯವರು ಅವಳನ್ನು ಕರೆಯುತ್ತಿದ್ದುದು ಮೊಂಡಿ ಅಂತಲೇ. ಅವಳು ಕಿಟಕಿ ಪಕ್ಕ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಅಷ್ಟರಲ್ಲಿ ಬಸ್ ಕಂಡಕ್ಟರ್ ಆಗಿದ್ದ ಸೋದರಮಾವ ಡ್ಯೂಟಿ ಮುಗಿಸಿ ನೇರವಾಗಿ ಬಂದು, ಒಂದು ದಪ್ಪ ಜೆರಾಕ್ಸ್ ಕಟ್ಟನ್ನು ಅವಳ ಮುಂದೆ ಧೊಪ್ಪೆಂದು ಹಾಕಿದ.

"ತಗೋ, ನೂರೈವತ್ತು ಲೆಕ್ಕ. ಬರೋದೆಲ್ಲ ಇದರಲ್ಲೇ ಇದೆಯಂತೆ. ಬೆಳಗಾಗೋದ್ರೊಳಗೆ ಮುಗಿಸಿಬಿಡು."

"ನಾನು ಮುಟ್ಟಲ್ಲ ಮಾವ."

ಅಮ್ಮನ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. "ಏನೇ ಅಂದೆ?"

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊಂಡಿ ಲೆಕ್ಕದಲ್ಲಿ ಫೇಲಾಗಿದ್ದಳು. ಈ ಸಲವೂ ಹಾಗೇ ಆದರೆ ಓದು ಬಿಟ್ಟು ಮೆಷಿನ್ ಮುಂದೆ ಕೂರಬೇಕು ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು. ಮೊಂಡಿಗೆ ಓದಬೇಕಿತ್ತು. ಆದರೂ ಅವಳು ಜಗ್ಗಲಿಲ್ಲ.

"ಹೋದ ಸಲ ನೀವು ಹೇಳಿದ ಹಾಗೇ ಕೇಳಿದ್ನಲ್ಲ? ರಾತ್ರಿಯಿಡೀ ಕಣ್ಣು ಮುಚ್ಚದೆ ಓದಿದೆ. ಏನು ಸಿಕ್ತು? ಪ್ರಶ್ನೆಪತ್ರಿಕೆ ನೋಡಿದ್ರೆ ಕಣ್ಣು ಕತ್ತಲೆ. ಏಳೆಂಟ್ಲ ಐವತ್ನಾಲ್ಕು ಅಂತ ಬರೆದು ಬಂದೆ!"

"ನೆಪ ಹೇಳ್ಬೇಡ," ಎಂದ ಮಾವ. "ಓದೋಕೆ ಮೈಗಳ್ಳತನ, ಅಷ್ಟೇ."

ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮ್ ಕೇಳಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನೆಪ ಅಲ್ಲ ಅಣ್ಣ. ಓದಿದ್ದು ತಲೇಲಿ ಗಟ್ಟಿಯಾಗೋದೇ ನಿದ್ದೇಲಿ. ನಿದ್ದೆಗೆಟ್ರೆ ಗೊತ್ತಿರೋದೂ ಹೊತ್ತಿಗೆ ಒದಗಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ದಿನ ನಾನು ಈ ಮನೆ ಬಾಗಿಲಿಗೇ ನನ್ನ ಬೀಗದಕೈ ಹಾಕಿಲ್ವಾ?"

"ಹಾಗಂತ ಕೈಕಟ್ಟಿ ಕೂರೋಕಾಗುತ್ತಾ?" ಅಮ್ಮ ಕೇಳಿದಳು.

"ಯಾರು ಕೈಕಟ್ಟಿ ಕೂತಿರೋದು?" ಎಂದಳು ಮೊಂಡಿ. "ಅಮ್ಮ, ನಾಳೆ ಕೊಡೋ ಬಟ್ಟೆ ಇದ್ರೆ ಇವತ್ತು ಸಂಜೆ ಹೊಸ ಬಟ್ಟೆಗೆ ಕತ್ತರಿ ಹಾಕ್ತೀಯಾ?"

"ನನಗೇನು ಹುಚ್ಚಾ? ಗುಂಡಿ, ಇಸ್ತ್ರಿ, ಅಷ್ಟೇ."

"ಯಾಕೆ?"

ಯಾಕೆಂದು ಇಡೀ ಬೀದಿಗೇ ಗೊತ್ತಿತ್ತು. ಒಮ್ಮೆ ಒಂದು ಮದುವೆಯ ಹಿಂದಿನ ದಿನ ಅಮ್ಮ ನಿದ್ದೆಗಣ್ಣಲ್ಲಿ ಕತ್ತರಿಸಿ, ಮದುಮಗನ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟಿದ್ದಳು. ಪಾಪ, ಆತ ಫೋಟೋಗಳಲ್ಲೆಲ್ಲ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದ.

"ನನ್ನದೂ ಇವತ್ತು ಗುಂಡಿ, ಇಸ್ತ್ರಿ ಕೆಲಸ ಅಮ್ಮ. ಮೂರು ತಿಂಗಳಿಂದ ದಿನಾ ಲೆಕ್ಕ ಮಾಡಿದೀನಿ. ಈಗ ಹೊಸದು ತೆಗೆದ್ರೆ ಇರೋದೂ ಹೋಗುತ್ತೆ. ಫೇಲಾದ್ರೆ ನಾನೇ ಬಂದು ಮೆಷಿನ್ ಮುಂದೆ ಕೂರ್ತೀನಿ. ಆದ್ರೆ ಈ ಸಂಜೆ ನನ್ನದು, ಯಾರಿಗೂ ಕೊಡಲ್ಲ."

ಅಮ್ಮ ಎದ್ದು, ಕಟ್ಟನ್ನು ತಮ್ಮನ ಕೈಗೆ ವಾಪಸ್ ಇಟ್ಟಳು. "ನೀನು ನಡಿಯಪ್ಪ. ಪರೀಕ್ಷೆ ಮುಗಿದ ಮೇಲೆ ಬಾ."

ಮೊಂಡಿ ತಾನೇ ಬರೆದಿಟ್ಟಿದ್ದ ಸೂತ್ರಗಳ ಹಾಳೆಯನ್ನು ಎರಡು ಸಲ ಓದಿದಳು. ಮೈನಸ್ ಗುರುತು ಬಿಟ್ಟು ಹಿಂದೆ ತಪ್ಪು ಮಾಡಿದ್ದ ಎರಡು ಲೆಕ್ಕಗಳನ್ನು ಮತ್ತೆ ಮಾಡಿ ಪುಸ್ತಕ ಮುಚ್ಚಿದಳು. ಎರಡು ಪೆನ್ನು, ಸ್ಕೇಲು, ಕೈವಾರ, ಪ್ರವೇಶಪತ್ರ ಎಲ್ಲ ಚೀಲ ಸೇರಿದವು. ಎಂಟಕ್ಕೆ ಊಟ. ಮಲಗಿದಾಗ ಭಯವೇನೋ ಬಂತು. ನರ್ಸಕ್ಕ ಹೋಗುವಾಗ ಹೇಳಿಕೊಟ್ಟಿದ್ದ ಹಾಗೆ ನಿಧಾನವಾಗಿ ಉಸಿರು ಎಳೆದು ಬಿಟ್ಟಳು. ಒಂಬತ್ತೂವರೆಗೆ ಅಮ್ಮ ಸದ್ದಾದೀತೆಂದು ತನ್ನ ಮೆಷಿನ್ನನ್ನೂ ನಿಲ್ಲಿಸಿದಳು.

ಮರುದಿನ ಮೂರನೆಯ ಲೆಕ್ಕವೇ ಕೈಕೊಟ್ಟಿತು. ಮೊಂಡಿ ಅದನ್ನು ಬಿಟ್ಟು ಮುಂದೆ ಹೋದಳು, ಕೊನೆಗೆ ತಿರುಗಿ ಬಂದು ಬಿಡಿಸಿದಳು.

ಗೇಟಿನ ಬಳಿ ಮಾವ ಕಾದಿದ್ದ. "ನನ್ನ ಕಟ್ಟಿನಿಂದ ಎಷ್ಟು ಬಂತು?"

"ನೋಡಿದ್ರೆ ತಾನೇ ಹೇಳೋಕೆ!"

ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು. "ಹೇಗಾಯ್ತೇ?"

"ಗೊತ್ತಿದ್ದ ಒಂದನ್ನೂ ಬಿಟ್ಟು ಬಂದಿಲ್ಲ ಅಮ್ಮ."

"ಹಾಗಾದ್ರೆ ಮಾರ್ಕ್ಸು ಎಷ್ಟಾದ್ರೂ ಬರಲಿ," ಎಂದಳು ಅಮ್ಮ, "ಓದು ಬಿಡೋ ಮಾತು ಈ ಮನೇಲಿ ಇನ್ನು ಎತ್ತಲ್ಲ."

ಓದುತ್ತಿರುವ ಅಪ್ಪ ಅಮ್ಮಂದಿರೇ, ಅತ್ತೆ ಮಾವಂದಿರೇ, ಪರೀಕ್ಷೆಯ ಹಿಂದಿನ ಸಂಜೆ ಮಗುವಿನ ತಲೆಗೆ ಹೊಸದೇನನ್ನೂ ತುರುಕಬೇಡಿ. ಹೊತ್ತಿಗೆ ಊಟ ಹಾಕಿ, ಟಿವಿ ಆರಿಸಿ, ಬೇಗ ಮಲಗಲು ಬಿಡಿ. ಮಕ್ಕಳೇ, ನೀವು ದಿನಾ ಓದಿದ್ದರೆ ಆ ಸಂಜೆ ಹೆದರಿಸಲು ಬಂದವರಿಗೆ "ಆಗಲ್ಲ" ಎನ್ನಿ. ದೊಡ್ಡವರಿಗೆ ಎದುರಾಡಿದಿರಿ ಎಂದು ಯಾರಾದರೂ ಬೈದರೆ, ಈ ಹಾಳೆಯನ್ನು ಅವರ ಕೈಗೆ ಕೊಟ್ಟು ನೀವು ಹೋಗಿ ಮಲಗಿ.