ಹಳದಿ ಸುತ್ತು

“ಎರಡು ಕಿಲೋಮೀಟರ್ ತಾನೆ? ನಿಧಾನಕ್ಕೆ ಓಡಿಸಿದ್ರೆ ಏನೂ ಆಗಲ್ಲ” ಎನ್ನುತ್ತ ಅಳಿಯ ಶವವಾಹನದ ಮುಂದಿನ ಚಕ್ರದ ಮೇಲಿಂದ ಕೈ ತೆಗೆದ. ಟೈರಿನ ಪಕ್ಕೆಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು.

ಡ್ರೈವರನಿಗೂ ಅದೇ ಬೇಕಿತ್ತು. “ನಾನೂ ಅದನ್ನೇ ಅಂದೆ ಸಾರ್. ಮೂರು ವಾರದಿಂದ ಹಿಂಗೇ ಇದೆ. ಇದುವರೆಗೂ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.”

“ನಿನ್ನ ಗಾಡೀಲಿ ಹೋದೋರು ವಾಪಸ್ ಬಂದು ಕಂಪ್ಲೇಂಟ್ ಬೇರೆ ಮಾಡ್ತಾರೇನಪ್ಪ?” ಎಂದರು ಟೈರು ಅಂಗಡಿಯ ಹಳೇ ಕೆಲಸಗಾರ ಸುತ್ತಿಗೆ ಅಣ್ಣ. ಮೂವತ್ತು ವರ್ಷ ಮರದ ಸುತ್ತಿಗೆಯಲ್ಲಿ ಟೈರು ಬಡಿದು, ಸದ್ದು ಕೇಳಿಯೇ ಅದರ ಆಯುಸ್ಸು ಹೇಳುತ್ತಿದ್ದವರು. ಬೆಳಗಿನಿಂದ ಅತ್ತೂ ಅತ್ತೂ ಮೂಗು ಕೆಂಪಾಗಿದ್ದರೂ ನಾಲಿಗೆ ಮಾತ್ರ ಹದ ತಪ್ಪಿರಲಿಲ್ಲ.

ಮನೆಯೊಳಗೆ ಚಟ್ಟದ ಮೇಲೆ ಮಲಗಿದ್ದವರು ಅಳಿಯನ ಸೋದರಮಾವ. ಹಳೇ ಟೈರಿಗೆ ಹೊಸ ರಬ್ಬರು ಹೊದಿಸಿ ಮರುಜನ್ಮ ಕೊಡುವುದು ಅವರ ಕಸುಬು. ಅಂಗಡಿ ಮುಂದೆ, ಮನೆ ಹಿಂದೆ. ಯಾರ ದನಿಯನ್ನು ಬೇಕಾದರೂ ಎರಡು ನಿಮಿಷ ಕೇಳಿ ಎತ್ತಿಕೊಂಡುಬಿಡುತ್ತಿದ್ದರಿಂದ ಬೀದಿಗೆಲ್ಲ ಅವರು ‘ಗಿಳಿ’. ನಿನ್ನೆ ಬೆಳಿಗ್ಗೆ ಎದುರುಮನೆ ಲಾಯರ ಕೆಮ್ಮನ್ನು ಅಣಕಿಸುತ್ತ ಟೀ ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದ್ದರು. ಇದೂ ಒಂದು ಆಟ ಅಂದುಕೊಂಡು ಹೆಂಡತಿ ನಕ್ಕಿದ್ದರು. ಅರವತ್ತೊಂಬತ್ತಕ್ಕೆ ಹೃದಯ ಕೈಕೊಟ್ಟಿತ್ತು.

ಬಾಗಿಲಿಗೆ ಬಂದ ಅತ್ತೆ ಚಕ್ರ ನೋಡಿದರು, ಅಳಿಯನನ್ನು ನೋಡಿದರು. “ಅವರನ್ನ ಉಬ್ಬಿರೋ ಟೈರಿನ ಮೇಲೆ ಕಳಿಸ್ತೀಯಾ? ಅದೂ ಅವರನ್ನ? ಅರ್ಧ ದಾರೀಲಿ ಎದ್ದು ಕೂತು ಬೈತಾರೆ, ನೋಡ್ಕೋ!”

ಒಳಗೆ ಹೋಗಿ ಗಂಡನ ಅಂಗಿ ಜೇಬಿನಿಂದ ಹಳದಿ ಬಳಪ ತಂದರು. ಅದನ್ನು ಯಾರೂ ತೆಗೆದಿರಲಿಲ್ಲ. ಜೇಬಲ್ಲಿ ಬಳಪ ಇಲ್ಲದಿದ್ದರೆ ಅವರು ಅವರ ಹಾಗೆ ಕಾಣುತ್ತಿರಲಿಲ್ಲ. ಅತ್ತೆ ಬಗ್ಗಿ, ಟೈರಿನ ಉಬ್ಬಿನ ಸುತ್ತ ದುಂಡಗೆ ಒಂದು ಸುತ್ತು ಎಳೆದರು. ಅಂಗಡಿಯಲ್ಲಿ ಇದ್ದ ಕಾನೂನು ಅದೊಂದೇ: ಹಳದಿ ಸುತ್ತು ಬಿದ್ದ ಟೈರು, ಯಾವ ಸಾಹುಕಾರನ ಗಾಡಿಯದೇ ಆಗಲಿ, ಬಿಚ್ಚಿ ನೋಡುವ ತನಕ ರಸ್ತೆಗೆ ಇಳಿಯುವಂತಿಲ್ಲ.

ಅಳಿಯ ಜಾಕು ತರಲು ಅಂಗಡಿಯೊಳಗೆ ಹೋದ. ಗೋಡೆಯ ಕ್ಯಾಲೆಂಡರಿನಲ್ಲಿ ನಾಳಿನ ತಾರೀಖಿಗೂ ಒಂದು ಹಳದಿ ಸುತ್ತು ಬಿದ್ದಿತ್ತು. ರಿಪೇರಿಗೆ ಬರುವ ಟೈರುಗಳ ಯಾವುದೋ ಲಾರಿ ಲೋಡ್ ಇರಬೇಕು, ಫೋನ್ ಮಾಡಿ ಬೇಡ ಅನ್ನಬೇಕು ಎಂದುಕೊಂಡ. ಜಾಕು ಎತ್ತುವಾಗ ಕಾಲು ಸ್ವಲ್ಪ ಅಗಲಿಸಿಯೇ ಬಗ್ಗಿದ. ನಾಲ್ಕು ತಿಂಗಳಿಂದ ಹಾಗೆಯೇ ಬಗ್ಗುತ್ತಿದ್ದ. ನಿನ್ನೆ ಮಾವನ ತಲೆದೆಸೆಯಲ್ಲಿ ಅಳುತ್ತ ಕುಳಿತಿದ್ದಾಗ, ಎಲ್ಲಿಂದಲೋ ಒಂದು ಹಾಳು ಯೋಚನೆ ನುಸುಳಿತ್ತು: ಗುಟ್ಟು ಗೊತ್ತಿದ್ದ ಒಬ್ಬರೂ ಹೋದರು, ಇನ್ನು ಕೇಳುವವರಿಲ್ಲ. ಆ ಯೋಚನೆಗೆ ನಾಚಿ ಇನ್ನೂ ಜೋರಾಗಿ ಅತ್ತಿದ್ದ.

* * *

ಹತ್ತು ದಿನದ ಹಿಂದಿನ ಮಧ್ಯಾಹ್ನ. ಮಾವ ಒಂದು ಬಸ್ಸಿನ ಟೈರಿನೊಳಗೆ ಭುಜದವರೆಗೂ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ತಡವುತ್ತಿದ್ದರು.

“ಮಾವ, ಅದೇನಂದ್ರೆ… ನನ್ನ ಫ್ರೆಂಡ್ ಒಬ್ಬನಿಗೆ…”

“ಹ್ಞೂಂ. ಫ್ರೆಂಡಿಗೆ.”

“ಅದೇನಂದ್ರೆ, ಕೆಳಗೆ… ಬೀಜದಲ್ಲಿ, ಒಂದು ಕಡೆ ಗಂಟು. ಬಟಾಣಿಯಷ್ಟು, ಗಟ್ಟಿ. ನೋವೇನಿಲ್ಲ.”

“ಎಷ್ಟು ದಿನದಿಂದ?”

“ನಾಲ್ಕು ತಿಂಗಳು… ಅಂತಾನೆ.”

ಮಾವ ಕಣ್ಣು ತೆರೆದರು. ಕೈ ಹೊರಗೆಳೆದು, ಒರೆಸಿಕೊಂಡು, ಗೋಡೆಯ ಕೊಕ್ಕೆಯ ಕಡೆ ಗಲ್ಲ ಎತ್ತಿದರು. ಸರಿಯೂ ಅಲ್ಲದ, ಕೆಟ್ಟದ್ದೂ ಅಲ್ಲದ ಟೈರುಗಳು ಅಲ್ಲಿ ನೇತಾಡುತ್ತಿದ್ದವು. ಅಂಗಡಿಯಲ್ಲಿ ಅದರ ಹೆಸರೇ ‘ನೋಡೋಣ ಕೊಕ್ಕೆ’.

“ನಂದನ್ನ ನಾನು ಏಳು ತಿಂಗಳು ಆ ಕೊಕ್ಕೆಗೆ ಹಾಕಿದ್ದೆ ಕಣೋ. ಮೂವತ್ತೊಂದು ವರ್ಷದ ಹಿಂದೆ. ಊರಿನ ಟೈರಿನ ಉಬ್ಬೆಲ್ಲ ಕಂಡುಹಿಡಿಯೋನು ನಾನು, ಪ್ರತಿ ಭಾನುವಾರ ಬಚ್ಚಲಲ್ಲಿ ತಡವಿ ನೋಡೋದು, ಬೆಳೆದಿಲ್ಲ ಅಂತ ಟವೆಲ್ ಸುತ್ತಿಕೊಂಡು ಆಚೆ ಬರೋದು. ದಿನಾ ಮುಟ್ಟೋ ಕೈಗೆ ಬೆಳೆದದ್ದು ಗೊತ್ತಾಗುತ್ತೇನೋ? ನೋವಿಲ್ಲ ಅನ್ನೋದು ಬೇರೆ ಧೈರ್ಯ. ಹಾಳಾದ್ದು, ಅದು ನೋವಿಲ್ದೇನೇ ಬರೋದು.”

“ಆಮೇಲೆ?”

“ಹೆಂಗೋ ನಿಮ್ಮ ಅತ್ತೆಗೆ ಗೊತ್ತಾಯ್ತು. ಬೈಲಿಲ್ಲ, ಅಳಲಿಲ್ಲ ಮಾರಾಯ. ನನ್ನ ಜೇಬಿನ ಬಳಪ ಕಿತ್ತುಕೊಂಡು, ಗಿರಾಕಿಗಳ ಮುಂದೇನೇ, ನನ್ನ ಪ್ಯಾಂಟಿನ ಮಂಡಿ ಮೇಲೆ ಸುತ್ತು ಹಾಕಿದ್ಲು. ‘ನಿಮ್ಮದೇ ಕಾನೂನು, ನಡೀರಿ’ ಅಂದ್ಲು. ಡಾಕ್ಟ್ರು ಸ್ಕ್ಯಾನ್ ಮಾಡಿ, ಒಂದನ್ನ ತೆಗೆದ್ರು. ಬೇಗ ಹೋಗಿದ್ರೆ ಅಷ್ಟಕ್ಕೇ ಮುಗೀತಿತ್ತೇನೋ. ತಡ ಮಾಡಿದ್ದಕ್ಕೆ ಮೂರು ತಿಂಗಳು ಡ್ರಿಪ್ಪು, ತಲೆ ಟೈರಿನ ಥರ ನುಣ್ಣಗೆ. ಅದೂ ಸವೆದ ಟೈರು!” ನಕ್ಕರು. “ಅಲ್ಲಿಂದ ಇಲ್ಲೀತನಕ ಸ್ಟೆಪ್ನಿ ಮೇಲೇ ಓಡ್ತಿದೆ ಗಾಡಿ. ನಿಮ್ಮ ಅತ್ತೆ ಒಂದಿನನೂ ಕಂಪ್ಲೇಂಟ್ ಮಾಡಿಲ್ಲ.”

ಅಳಿಯ ನಗಲಿಲ್ಲ. ಮಾವ ದನಿ ಇಳಿಸಿದರು.

“ಎಲ್ಲ ಗಂಟೂ ಅದೇ ಅಲ್ಲ. ನೀರು ತುಂಬಿರಬಹುದು, ಇನ್ನೇನೋ ಇರಬಹುದು. ಆದ್ರೆ ಅದನ್ನ ಹೇಳೋದು ಡಾಕ್ಟ್ರು, ನಿನ್ನ ಹೆಬ್ಬೆರಳಲ್ಲ.”

“ನನ್ನದಲ್ಲ ಮಾವ. ಫ್ರೆಂಡ್‌ದು.”

“ಅವನ ಹೆಬ್ಬೆರಳೂ ಅಲ್ಲ.”

“ಅದೇನಂದ್ರೆ, ಈ ಲೋಡ್ ಮುಗೀಲಿ. ಆಮೇಲೆ ನೋಡೋಣ ಅಂತಿದಾನೆ.”

“ಅದೇನಂದ್ರೆ, ಈ ಲೋಡ್ ಮುಗೀಲಿ. ಆಮೇಲೆ ನೋಡೋಣ” ಎಂದರು ಮಾವ, ಅಳಿಯನದೇ ದನಿಯಲ್ಲಿ, ಅದೇ ಮೂಗೆಳೆತದಲ್ಲಿ. ಕೇಳಿದವನಿಗೆ ತನ್ನದೇ ಪುಕ್ಕಲುತನ ಎದುರಿಗೆ ಸ್ಟೂಲಿನ ಮೇಲೆ ಕೂತು ಮಾತಾಡಿದಂತಾಯಿತು. ಎದ್ದು ಕೆಲಸಕ್ಕೆ ಹೋಗಿಬಿಟ್ಟ.

* * *

ಶವವಾಹನಕ್ಕೆ ಬೇರೆ ಚಕ್ರ ಹಾಕಿ ಕೊನೆಯ ನಟ್ಟು ಬಿಗಿಯುವಾಗ ಅಳಿಯನ ಫೋನು ಹೊಡೆದುಕೊಂಡಿತು. ಕೈ ಮಸಿಮಸಿ.

“ತೆಗೀರಿ, ಯಾರೋ ದಾರಿ ಕೇಳ್ತಿರಬೇಕು” ಎನ್ನುತ್ತ ಅವನ ಹೆಂಡತಿ ತಾನೇ ಅವನ ಜೇಬಿನಿಂದ ಫೋನು ತೆಗೆದು ಸ್ಪೀಕರ್ ಒತ್ತಿ ಹಿಡಿದಳು.

“ನಮಸ್ಕಾರ ಸರ್, ಮೂತ್ರರೋಗ ತಜ್ಞರ ಕ್ಲಿನಿಕ್ಕಿಂದ. ನಾಳೆ ಹತ್ತೂವರೆಗೆ ನಿಮ್ಮ ಅಪಾಯಿಂಟ್‌ಮೆಂಟ್ ಇದೆ. ಬರ್ತೀರಲ್ವಾ?” ಹುಡುಗಿಯ ದನಿ ಬೀದಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು.

“ಅದೇನಂದ್ರೆ… ನಾನು ನಿಮಗೆ ಫೋನೇ ಮಾಡಿಲ್ಲ.”

“ಅಯ್ಯೋ, ನೀವೇ ಸರ್! ಹೋದ ಸೋಮವಾರ. ಈ ನಂಬರ್ ಕೊಟ್ಟಿದ್ದೂ ನೀವೇ. ಇದೇ ದನಿ, ಇದೇ ‘ಅದೇನಂದ್ರೆ’. ಕೊನೇಲಿ ನಿಮ್ಮ ಮಾವನ ಥರ ಬೇರೆ ಮಾತಾಡಿ ತೋರಿಸಿದ್ರಲ್ಲ, ‘ಉಬ್ಬು ಕಂಡ್ರೆ ಸುತ್ತು ಹಾಕು, ಸುತ್ತು ಹಾಕಿದ್ರೆ ಬಿಚ್ಚಿ ನೋಡು’ ಅಂತ? ನಾವೆಲ್ಲ ಬಿದ್ದು ಬಿದ್ದು ನಕ್ವಿ. ಏನ್ ಮಿಮಿಕ್ರಿ ಮಾಡ್ತೀರ ಸರ್!”

ಸುತ್ತಿಗೆ ಅಣ್ಣ ಬೆನ್ನು ತಿರುಗಿಸಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಕ್ಯಾಲೆಂಡರಿನ ಹಳದಿ ಸುತ್ತು ಲಾರಿ ಲೋಡಿನದಲ್ಲ ಎಂದು ಅಳಿಯನಿಗೆ ಈಗ ಹೊಳೆಯಿತು.

“ಯಾವ ಡಾಕ್ಟ್ರು? ಏನಾಗಿದೆ ನಿಮಗೆ?” ಹೆಂಡತಿ ಫೋನು ಹಿಡಿದೇ ಅವನ ಎದುರಿಗೆ ಬಂದಳು.

ಸ್ಪ್ಯಾನರು ಕೆಳಗಿಟ್ಟ. “ಗಂಟು. ನಾಲ್ಕು ತಿಂಗಳಾಯ್ತು. ಹೆದರಿಕೆ ಆಗಿ… ಹೇಳಲಿಲ್ಲ.”

“ನಾಲ್ಕು ತಿಂಗಳು ಪಕ್ಕದಲ್ಲೇ ಮಲಗಿದ್ದೀನಲ್ರೀ.” ಅವಳ ಕಣ್ಣು ತುಂಬಿತು. “ನಾಳೆ ನಾನೂ ಬರ್ತೀನಿ. ಬೇಡ ಅಂದ್ರೆ ನೋಡಿ ಮತ್ತೆ.”

ಬಳಪ ಇನ್ನೂ ಅತ್ತೆಯ ಕೈಯಲ್ಲೇ ಇತ್ತು. ಬಗ್ಗಿ, ಅಳಿಯನ ಪ್ಯಾಂಟಿನ ಮಂಡಿ ಮೇಲೆ ದುಂಡಗೆ ಒಂದು ಸುತ್ತು ಎಳೆದರು.

“ಸರ್? ಇದೀರಾ? ಬರ್ತೀರಾ ಸರ್?”

“ಬರ್ತೀನಮ್ಮ. ಇಬ್ರೂ ಬರ್ತೀವಿ.”

“ಸರಿ ಸರ್. ಇಡೋಕ್ ಮುಂಚೆ ಇನ್ನೊಂದೇ ಸಲ ನಿಮ್ಮ ಮಾವನ ಥರ ಮಾತಾಡಿ ಸರ್, ಪ್ಲೀಸ್. ಇಲ್ಲಿ ಹೊಸಬರು ಒಬ್ರು ಕೇಳಿಲ್ಲ.”

ಹುಟ್ಟಿದಾಗಿನಿಂದ ಒಂದು ಕಾಗೆಯನ್ನೂ ಅಣಕಿಸಲು ಬಾರದ ಅಳಿಯ, ಮಾವ ಮಲಗಿದ್ದ ಮನೆಯ ತೆರೆದ ಬಾಗಿಲಿನ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. “ಉಬ್ಬು ಕಂಡ್ರೆ ಸುತ್ತು ಹಾಕು…” ಎಂದ. ಅದು ಮಾವನ ದನಿಯಾಗದೆ, ನೆಗಡಿಯಾದ ಹೋತದ ದನಿಯಾಯಿತು.

ಮೊದಲು ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡರು. ಸುತ್ತಿಗೆ ಅಣ್ಣ ಅಳುತ್ತಲೇ ನಕ್ಕರು. ಡ್ರೈವರು ನಗಬಹುದೋ ಬಾರದೋ ತಿಳಿಯದೆ ಟೋಪಿಯಿಂದ ಮುಖ ಮುಚ್ಚಿಕೊಂಡ. ಎಲ್ಲರಿಗಿಂತ ಜೋರಾಗಿ ನಕ್ಕವನು ಅಳಿಯನೇ: ಬಿಚ್ಚಿಹಾಕಿದ ಆ ಉಬ್ಬಿನ ಟೈರಿನ ಮೇಲೆ ಕುಸಿದು ಕುಳಿತು, ಮಸಿಗೈಯಲ್ಲಿ ಕಣ್ಣೊರೆಸಿ ಮುಖವೆಲ್ಲ ಕಪ್ಪು ಮಾಡಿಕೊಂಡು, ಮಂಡಿಯ ಮೇಲೊಂದು ಹಳದಿ ಸುತ್ತು ಇಟ್ಟುಕೊಂಡು.